ತಪ್ಪಿದರೆ ಮರ ಯಾರದು?

ನಾಲ್ಕು ತಿಂಗಳು ನಮ್ಮ ಊಟದ ಮೇಜಿನ ಮೇಲೆ ಒಂದು ಗ್ರಾಫ್ ಹಾಳೆ ಬಿದ್ದುಕೊಂಡಿತ್ತು. ಪುಣೆಯ ನಮ್ಮ ಫ್ಲ್ಯಾಟಿನ ಹಿಂದಿನ ಬಾಲ್ಕನಿಯ ನಕ್ಷೆ ಅದು. 11 ಅಡಿ ಉದ್ದ, 5 ಅಡಿ ಅಗಲ. ಅಲ್ಲೊಂದು ಮರಗೆಲಸದ ಜಾಗ ಮಾಡಿಕೊಳ್ಳಬೇಕೆಂಬ ಹುಚ್ಚು ನನ್ನದು. ಒಂದು ಚೌಕಕ್ಕೆ ಒಂದು ಅಡಿ ಎಂದು ಲೆಕ್ಕ ಹಾಕಿ, ಕಾಗದದಲ್ಲಿ ಯಂತ್ರಗಳನ್ನು ಕತ್ತರಿಸಿ, ಊಟವಾದ ಮೇಲೆ ಅವನ್ನು ಅತ್ತಿಂದಿತ್ತ ಸರಿಸುತ್ತ ಕೂರುತ್ತಿದ್ದೆ. ಚೌಕಾಬಾರ ಆಡಿದ ಹಾಗೆ.

ಮೊದಲ ನಕ್ಷೆಯಲ್ಲಿ ಟೇಬಲ್ ಸಾ ಇತ್ತು. ಜಾಗದಲ್ಲಿ ಸರಿಯಾಗಿಯೇ ಕೂತಿತು. ಆಮೇಲೆ ಹೊಳೆಯಿತು, ಯಂತ್ರಕ್ಕೇನೋ ಜಾಗವಿದೆ, ಮರಕ್ಕೆ ಇಲ್ಲ. 6 ಅಡಿಯ ಹಲಗೆಯನ್ನು ಉದ್ದಕ್ಕೆ ಸೀಳಬೇಕಾದರೆ ಬ್ಲೇಡಿನ ಈಚೆಗೆ 6 ಅಡಿ, ಆಚೆಗೆ 6 ಅಡಿ ಬೇಕು. ಸದ್ದಿನ ಮಾತು ಬೇರೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಎನ್ನುತ್ತದೆ 2000ದ ಶಬ್ದಮಾಲಿನ್ಯ ನಿಯಮ. ಕೆಳಗಿನ ಮನೆಯ ಹುಡುಗಿ ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುವವಳು, ಅವಳ ರಾತ್ರಿ ಯಾವುದೆಂದು ನಿಯಮಕ್ಕೆ ಗೊತ್ತಿಲ್ಲ. ಇನ್ನು ದೂಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ದೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ, ಬಾಲ್ಕನಿಗೆ ತೆರೆದಿರುವುದು ಮಗಳ ಕೋಣೆಯ ಕಿಟಕಿ. ಹೀಗೆ ಕಾಗದದ ಯಂತ್ರಗಳು ಒಂದೊಂದಾಗಿ ಕಸದ ಬುಟ್ಟಿಗೆ ಹೋದವು. ಕೊನೆಗೆ ಉಳಿದದ್ದು ಎರಡು ಗರಗಸ, ಒಂದು ಉಜ್ಜುಗೊರಡು, ಮೂರು ಉಳಿ, ಕೊಡತಿ, ಮೂಲೆಮಟ್ಟ, ಸಾಣೆಕಲ್ಲು.

ಪಟ್ಟಿಯನ್ನು ಇನ್ನೊಮ್ಮೆ ಓದಿದೆ. ನನ್ನ ಅಜ್ಜನ ಚೀಲ!

ಅಜ್ಜ ಸಾಗರದ ಕಡೆಯ ಹಳ್ಳಿಯೊಂದರ ಆಚಾರಿ. ನೇಗಿಲು, ತೊಟ್ಟಿಲು, ದಾರಂದ, ಈಳಿಗೆ ಮಣೆ, ಊರಿಗೆ ಬೇಕಾದದ್ದನ್ನೆಲ್ಲ ಮಾಡಿಕೊಡುತ್ತಿದ್ದರು. ಪ್ರತಿಯಾಗಿ ವರ್ಷಕ್ಕೊಮ್ಮೆ ಕಣದಲ್ಲಿ ಭತ್ತ ಅಳೆದು ಕೊಡುತ್ತಿದ್ದರು. ಅವರಿಗೆ ಕಾರ್ಯಾಗಾರ ಅಂತ ಇರಲಿಲ್ಲ, ಮಳೆ ಬಂದರೆ ಜಗಲಿ, ಬಿಸಿಲಾದರೆ ಹಲಸಿನ ಮರದಡಿ. ಅಪ್ಪ ಉಳಿ ಮುಟ್ಟಲಿಲ್ಲ. ಓದಿ, ಬ್ಯಾಂಕಿನ ಗುಮಾಸ್ತರಾದರು. ಬೋಹ್ರಿ ಆಳಿಯ ಅಂಗಡಿಯಲ್ಲಿ ಸಾಮಾನು ಕೊಂಡ ಸಂಜೆ ಉತ್ಸಾಹದಿಂದ ಅವರಿಗೆ ಫೋನ್ ಮಾಡಿದೆ. “ಅಲ್ವೋ, ಇದಕ್ಕೇನಾ ನಿನ್ನನ್ನ ಇಂಜಿನಿಯರಿಂಗ್ ಓದಿಸಿದ್ದು?” ಎಂದರು.

ನನ್ನ ಬಳಿ ಉತ್ತರ ಸಿದ್ಧವಿತ್ತು. 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಗಾಂಧಿ ರಸ್ಕಿನ್ನನ ಪುಸ್ತಕ ಓದಿದ್ದು, ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆ ಎಂದು ಅವರಿಗೆ ತಿಳಿದದ್ದು, ನಮ್ಮ ವಚನಕಾರರ ಕಾಯಕ, ಬಿದಿರು ಹೆಣೆಯುತ್ತಿದ್ದ ಮೇದಾರ ಕೇತಯ್ಯ, ಎಲ್ಲ ಹೇಳಿದೆ. ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸ ಮಾಡುವವರನ್ನೇ ಬೇರೆ ಬೇರೆ ಇಡುತ್ತದೆ ಎಂದು ಅಂಬೇಡ್ಕರ್ 1936ರಲ್ಲಿ ಬರೆದರು. ಅಪ್ಪ ಅದನ್ನು ಓದಿದ್ದಾರೋ ಇಲ್ಲವೋ ಗೊತ್ತಿಲ್ಲ. ಶಾಲೆಯ ಹಾಜರಿಯಲ್ಲಿ ಹೆಸರಿನ ಜೊತೆಗೇ ‘ಆಚಾರಿ’ ಎಂದು ಕರೆಸಿಕೊಂಡವರು ಅವರು.

ಕೆಲಸ ಶುರುವಾಯಿತು. ಮೊದಲು ಬೇಕಾದದ್ದು ಕೆಲಸದ ಮೇಜೇ, ಅದಿಲ್ಲದೆ ಬೇರೇನೂ ಆಗದು. ಭವಾನಿ ಪೇಠದ ಟಿಂಬರ್ ಮಾರ್ಕೆಟಿನಿಂದ ಪೈನ್ ಹಲಗೆ ತಂದೆ. ನಿಂತಾಗ ಮಣಿಕಟ್ಟಿನ ಎತ್ತರಕ್ಕೆ ಬರುವಂತೆ ಕಾಲುಗಳ ಅಳತೆ ಹಾಕಿದೆ. ಗೆರೆಯ ಯಾವ ಪಕ್ಕದಲ್ಲಿ ಗರಗಸ ಹೋಗಬೇಕೆಂಬುದನ್ನು ಮರೆತೆ. ಒಂದು ಹಲಗೆ ಹೋಯಿತು. ಕಿಂಡಿ ಕೊರೆಯುವಾಗ ತುದಿ ಸೀಳಿ ಎರಡನೆಯದು, ಅಳತೆ ತಿರುಗುಮುರುಗಾಗಿ ಮೂರನೆಯದು. ಮೂರನ್ನೂ ಗೋಡೆಗೆ ಒರಗಿಸಿ ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ‘ಕಲಿಕೆಯ ಖರ್ಚು’ ಎಂದು ಬರೆದು ಒಂದು ನಗು.

ಆ ರಾತ್ರಿ ಅಪ್ಪನೇ ಫೋನ್ ಮಾಡಿದರು. “ಮರ ಯಾರದು?”

“ನನ್ನದೇ ಅಪ್ಪ, ದುಡ್ಡು ಕೊಟ್ಟು ತಂದದ್ದು.”

“ಹಂಗಾದ್ರೆ ಸರಿ.”

ಆಮೇಲೆ ಹೇಳಿದರು. ಅಪ್ಪನಿಗೆ ಏಳು ವರ್ಷವಿದ್ದಾಗ ಅಜ್ಜ ಒಬ್ಬ ಸಾಹುಕಾರರ ಮನೆಯ ದಾರಂದ ಮಾಡುತ್ತಿದ್ದರು. ಮರ ಸಾಹುಕಾರರದು, ಒಳ್ಳೆಯ ಹಲಸು. ಒಂದು ಜೋಡಣೆ ತಪ್ಪಿತು. ಎರಡು ವರ್ಷದ ಭತ್ತ ಬರಲಿಲ್ಲ. ಅಜ್ಜ ಆಮೇಲೂ ಅದೇ ಜಗಲಿಗೆ ಕೆಲಸಕ್ಕೆ ಹೋದರು, ಹೋಗದೆ ಬೇರೆ ದಾರಿ ಇರಲಿಲ್ಲ.

ನನ್ನ ಹವ್ಯಾಸಕ್ಕೂ ಅಜ್ಜನ ಕೆಲಸಕ್ಕೂ ಇರುವ ಅಂತರ ಸಂಬಳದ್ದು, ಬಿಡುವಿನದ್ದು ಎಂದು ನಾನು ತಿಳಿದಿದ್ದೆ. ನಿಜವಾದ ಅಂತರ ತಪ್ಪಿನ ಬೆಲೆ ಯಾರು ತೆರುತ್ತಾರೆ ಎಂಬಲ್ಲಿದೆ. ನಾನು ಕೊಂಡದ್ದು ಉಳಿ ಗರಗಸವನ್ನಲ್ಲ, ನಿಶ್ಚಿಂತೆಯಾಗಿ ತಪ್ಪುವ ಹಕ್ಕನ್ನು. ಅದರಲ್ಲಿ ಅನ್ಯಾಯವೇನಿದೆ ಎಂದು ನನಗೆ ನಾನೇ ವಾದ ಮಾಡಿಕೊಳ್ಳಬಹುದಿತ್ತು. ಆದರೆ ಎರಡು ವರ್ಷದ ಹಿಂದಿನ ನಮ್ಮ ಅಡುಗೆಮನೆ ನೆನಪಾಯಿತು.

ಕಪಾಟು ಮಾಡಲು ಬಂದ ಮಿಸ್ತ್ರಿ ಉತ್ತರ ಪ್ರದೇಶದವನು. ನೆಲದ ಮೇಲೆ ಕೂತು, ಹಲಗೆಯನ್ನು ಪಾದದಲ್ಲಿ ಒತ್ತಿ ಹಿಡಿದು ಕೆಲಸ ಮಾಡುತ್ತಿದ್ದ. ಒಂದು ಬಾಗಿಲಿನ ಸನ್‌ಮೈಕಾ ಅರ್ಧ ಇಂಚು ಗಿಡ್ಡವಾಯಿತು. ಹೊಸ ಹಾಳೆಯ ಲೆಕ್ಕ ಹಾಕಿ ಅವನ ಕೂಲಿಯಲ್ಲಿ 1,500 ರೂಪಾಯಿ ಹಿಡಿದೆ. ಅದು ನ್ಯಾಯವೆಂದೇ ಅನ್ನಿಸಿತ್ತು. ಹೆಂಡತಿಗೆ ವಿವರಿಸಿಯೂ ಇದ್ದೆ.

ಅವನ ನಂಬರು ಇತ್ತು. ಮೇಜಿನ ಕಾಲು ಕೂರಿಸಲು ಸಹಾಯ ಬೇಕೆಂದು ಕರೆದೆ, ಅರ್ಧ ನಿಜ. ಭಾನುವಾರ ಬಂದ. ಕಾಲುಗಳನ್ನು ಕೂರಿಸಿಕೊಟ್ಟು, ಗೋಡೆಗೆ ಅಳತೆ ಹಿಡಿದು ನೇತುಹಾಕಿದ ನನ್ನ ಉಳಿಗಳನ್ನು ನೋಡಿ ನಕ್ಕ, ಅಂಗಡಿ ಇಟ್ಟ ಹಾಗಿದೆ ಎಂದ. ಆ ದಿನದ ಕೂಲಿಯ ಜೊತೆ 1,500 ಸೇರಿಸಿ ಕೊಟ್ಟೆ. ಯಾಕೆಂದು ಹೇಳಿದೆ. ಅವನಿಗೆ ನೆನಪಾಗಲಿಲ್ಲ.

“ಕೌನ್ ಸಾ ದರ್ವಾಜಾ, ಸಾಬ್?”

ತೋರಿಸಿದೆ. ನೋಡಿ ತಲೆಯಾಡಿಸಿದ, ನೆನಪಾದದ್ದಕ್ಕೋ ಮರ್ಯಾದೆಗೋ ತಿಳಿಯಲಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ಸಲ ಹಿಡಿದಿದ್ದಾರೋ. ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡ. ಹೊರಡುವಾಗ ಗೋಡೆಗೆ ಒರಗಿದ್ದ ಮೂರು ಹಲಗೆಗಳ ಕಡೆ ಕೈ ತೋರಿಸಿ, ಅವು ನಿಮಗೆ ಬೇಡವೇ ಎಂದು ಕೇಳಿದ. ಬೇಡ ಎಂದೆ. ಕೋಣೆಯಲ್ಲಿ ಕೂರಲು ಎರಡು ಮಣೆ ಆಗುತ್ತವೆ ಎಂದು ಹೇಳಿ, ಹಗ್ಗ ಕೇಳಿ ತೆಗೆದುಕೊಂಡು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋದ.