ಕಿಟಕಿಯ ಸೂರ್ಯೋದಯ: ನೋಡುವುದೋ, ಹಿಡಿಯುವುದೋ?



ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ನಮ್ಮ ಚಿನ್ನದ ಗಣಿ ಪ್ರದೇಶದ ಬೆಳಗು ನಿಧಾನವಾಗಿ ಆಗುತ್ತದೆ. ಊರಿಗಾಂ ರೈಲು ನಿಲ್ದಾಣದ ದೀಪಗಳು ಮಂಜಿನಲ್ಲಿ ಹಳದಿ ಮಚ್ಚೆಗಳಂತೆ ಕಾಣುತ್ತವೆ. ಬೆಂಗಳೂರಿಗೆ ದುಡಿಯಲು ಹೋಗುವವರು ಕತ್ತಲಲ್ಲೇ ಬುತ್ತಿ ಕಟ್ಟಿಕೊಂಡು ಗಾಡಿ ಹತ್ತಿರುತ್ತಾರೆ. ನಲ್ಲಿಯಲ್ಲಿ ನೀರು ಬರುವ ದಿನವಾದರೆ ಹೆಂಗಸರು ಸೆರಗನ್ನು ತಲೆಗೆ ಸುತ್ತಿಕೊಂಡು ಬಿಂದಿಗೆಗಳನ್ನು ಸಾಲಿಗಿಡುತ್ತಾರೆ. ಅಷ್ಟರಲ್ಲಿ ಪೂರ್ವ ದಿಕ್ಕು ಕೆಂಪಾಗುತ್ತದೆ. ಯಾವುದೋ ಮನೆಯಲ್ಲಿ, ಕಂಬಳಿ ಹೊದ್ದ ಒಬ್ಬರು ಕಿಟಕಿಯ ಬಳಿ ಬಂದು ಮೊಬೈಲ್ ಎತ್ತಿ ಹಿಡಿಯುತ್ತಾರೆ.

ಇದರಲ್ಲಿ ನೀತಿ ವಿಚಾರ ಮಾಡುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಯಾರಿಗೂ ನೋವಿಲ್ಲ, ಖರ್ಚಿಲ್ಲ. ಹಿಂದೆ ಮೂವತ್ತಾರು ಫೋಟೋಗಳ ಒಂದು ರೀಲು ಕೊಂಡರೆ ಮದುವೆಗೂ ನಾಮಕರಣಕ್ಕೂ ಅದೇ ಆಗಬೇಕಿತ್ತು. ಸೂರ್ಯನಿಗೆ ಒಂದು ಫೋಟೋ ಮೀಸಲಿಡುವವರು ವಿರಳ. ಈಗ ಒಂದೇ ಬೆಳಗಿಗೆ ನಲವತ್ತು ತೆಗೆಯಬಹುದು. ಹಾಗೆ ತೆಗೆಯುವುದು ಪಾಪವೇ ಎಂದು ಯಾರಾದರೂ ಕೇಳಿದರೆ ಅಲ್ಲ ಎಂದೇ ಹೇಳುತ್ತೇನೆ. ಆದರೆ ಪಾಪವಲ್ಲದ ಎಷ್ಟೋ ಸಂಗತಿಗಳೂ ಯೋಚನೆಗೆ ಅರ್ಹವಾಗಿರುತ್ತವೆ. ಫೋಟೋ ತೆಗೆದುದರಿಂದ ಆ ಬೆಳಗು ನಮಗೆ ಹೆಚ್ಚು ಸಿಕ್ಕಿತೋ, ಕಡಿಮೆ ಸಿಕ್ಕಿತೋ? ಚೆಂದ ಕಾಣಲೆಂದು ನಾವು ಚೌಕಟ್ಟಿನಿಂದ ಹೊರಗೆ ಬಿಡುವುದಕ್ಕೆ ಯಾರಿಗಾದರೂ ಉತ್ತರ ಕೊಡಬೇಕಾಗಿದೆಯೇ?

ಮೊದಲು ಸೂರ್ಯನ ವಿಷಯ. ಅವನು ನೇರ ಪೂರ್ವದಲ್ಲಿ ಹುಟ್ಟುವುದು ವರ್ಷದಲ್ಲಿ ಎರಡು ಸಲ ಮಾತ್ರ. ಡಿಸೆಂಬರ್ 22ರ ಸುಮಾರಿಗೆ ನಮ್ಮ ಊರಿನಲ್ಲಿ ಅವನು ನೇರ ಪೂರ್ವದಿಂದ 24 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದಿರುತ್ತಾನೆ. ಜೂನ್‌ನಲ್ಲಿ ಕಿಟಕಿಯ ಎಡ ಅಂಚಿನಲ್ಲಿ ಕಂಡವನು ಈಗ ಬಲ ಅಂಚಿನಲ್ಲಿ ಕಾಣುವುದು ಇದರಿಂದಲೇ. ಹಗಲು ಅತಿ ಚಿಕ್ಕದಾಗಿರುವುದು ಡಿಸೆಂಬರ್‌ನಲ್ಲಾದರೂ ಸೂರ್ಯ ಅತಿ ತಡವಾಗಿ ಏಳುವುದು ಜನವರಿ ಮೂರನೆಯ ವಾರದ ಆಸುಪಾಸಿನಲ್ಲಿ. ಇಷ್ಟು ಚಳಿ ಇರುವಾಗ ಸೂರ್ಯ ದೂರ ಹೋಗಿದ್ದಾನೆ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಜನವರಿ ಮೊದಲ ವಾರದಲ್ಲೇ ಭೂಮಿ ಅವನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ ಇರುತ್ತದೆ. ಆ ಬೆಳಕು ನಮ್ಮನ್ನು ತಲುಪಲು ಎಂಟು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಇನ್ನೂ ಒಂದು ಸೋಜಿಗವಿದೆ. ಗಾಳಿಯ ಪದರಗಳಲ್ಲಿ ಬೆಳಕು ಬಾಗುವುದರಿಂದ, ಸೂರ್ಯ ನಿಜವಾಗಿ ದಿಗಂತದ ಕೆಳಗಿರುವಾಗಲೇ, ಸುಮಾರು ಎರಡು ನಿಮಿಷ ಮೊದಲೇ, ನಮಗೆ ಕಾಣಿಸಿಕೊಳ್ಳುತ್ತಾನೆ. ನಾವು ‘ಹಿಡಿದೆವು’ ಎಂದುಕೊಂಡ ಸೂರ್ಯ ಆ ಹೊತ್ತಿಗೆ ಅಲ್ಲಿ ಇರುವುದೇ ಇಲ್ಲ!

ಪತ್ರಿಕೆಗಳಲ್ಲಿ ಚಿತ್ರದ ಕೆಳಗೆ ‘ಕ್ಯಾಮೆರಾದಲ್ಲಿ ಸೆರೆಯಾದ ದೃಶ್ಯ’ ಎಂದು ಬರೆಯುತ್ತಾರೆ. ಸೆರೆ ಎಂಬ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ. ಸೆರೆಮನೆಯ ಕೆಲಸ ಒಳಗೆ ಹಾಕಿ ಬೀಗ ಜಡಿಯುವುದು. ಮನೆಯಲ್ಲಿ ನಾವು ಹಾಗೆ ಮಾತನಾಡುವುದಿಲ್ಲ, ‘ಫೋಟೋ ತೆಗೆ’ ಎನ್ನುತ್ತೇವೆ. ಕಿಟಕಿ ತೆಗೆ ಎಂದಾಗಲೂ ಅದೇ ಮಾತು. ತೆಗೆಯುವುದೆಂದರೆ ತೆರೆಯುವುದು. ಇದೇ ಮಾತಿಗೆ ಕಿತ್ತು ಹಾಕುವುದು ಎಂಬ ಇನ್ನೊಂದು ಅರ್ಥವೂ ಇದೆ; ಅದರ ವಿಷಯ ಮುಂದೆ ಬರುತ್ತದೆ.

ಛಾಯಾಚಿತ್ರ ಹುಟ್ಟಿದ್ದೇ ಮನೆಯ ಕಿಟಕಿಯಲ್ಲಿ ಎಂಬುದು ನಿಮಗೆ ಗೊತ್ತೇ? ಇಂದಿಗೂ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರವನ್ನು ಫ್ರಾನ್ಸ್ ದೇಶದ ನಿಸೆಫೋರ್ ನಿಯೆಪ್ಸ್ ಎಂಬಾತ 1826 ಅಥವಾ 1827ರಲ್ಲಿ ತನ್ನ ಹಳ್ಳಿಮನೆಯ ಮಹಡಿಯ ಕಿಟಕಿಯಿಂದ ತೆಗೆದ. ತವರದ ಮಿಶ್ರಲೋಹದ ತಗಡಿನ ಮೇಲೆ ‘ಯೂದಾಯದ ಬಿಟುಮೆನ್’ ಎಂಬ ಒಂದು ಬಗೆಯ ಡಾಂಬರು ಸವರಿ ಕ್ಯಾಮೆರಾದೊಳಗಿಟ್ಟು ಕಾದ. ಎಷ್ಟು ಹೊತ್ತು? ಕನಿಷ್ಠ ಎಂಟು ಗಂಟೆ. ಕೆಲವು ದಿನಗಳೇ ಹಿಡಿದಿರಬಹುದು ಎನ್ನುವವರೂ ಇದ್ದಾರೆ. ಅಷ್ಟರಲ್ಲಿ ಸೂರ್ಯ ಆಕಾಶದ ಈ ಕಡೆಯಿಂದ ಆ ಕಡೆಗೆ ನಡೆದುಬಿಟ್ಟ. ಹಾಗಾಗಿ ಆ ಚಿತ್ರದಲ್ಲಿ ಎದುರುಬದುರು ಗೋಡೆಗಳೆರಡರ ಮೇಲೂ ಬಿಸಿಲು ಬಿದ್ದಿದೆ. ಎಂಟೊಂಬತ್ತು ವರ್ಷ ಕಳೆದ ಮೇಲೆ, 1835ರಲ್ಲಿ, ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ ತೆಗೆದ, ಇಂದಿಗೂ ಉಳಿದಿರುವ ಅತಿ ಹಳೆಯ ನೆಗೆಟಿವ್ ಕೂಡ ಅವರ ಮನೆಯ ಕಿಟಕಿಯದೇ. ಈ ಹಿರಿಯರು ಬೆಳಕನ್ನು ಬೇಟೆಯಾಡಲಿಲ್ಲ. ತಗಡನ್ನೋ ಕಾಗದವನ್ನೋ ಅಣಿಮಾಡಿಟ್ಟು ಬೆಳಕು ತಾನಾಗಿ ಬಂದು ಬರೆಯಲಿ ಎಂದು ಕಾದರು.

ನಮ್ಮ ಕಾಯುವಿಕೆ ಈಗ ಕಣ್ಣು ಮಿಟುಕಿಸುವಷ್ಟು. ಅದು ಉಪಕಾರವೇ, ಆದರೆ ಅದರಲ್ಲಿ ಒಂದು ನಷ್ಟವಿದೆ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ವಿದ್ಯಾರ್ಥಿಗಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಕೆಲವು ವಸ್ತುಗಳ ಫೋಟೋ ತೆಗೆಯಿಸಿದರು, ಕೆಲವನ್ನು ಬರಿಗಣ್ಣಿನಿಂದ ನೋಡಿಸಿದರು. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಫೋಟೋ ತೆಗೆದ ವಸ್ತುಗಳು ಮರುದಿನ ಕಡಿಮೆ ನೆನಪಿದ್ದವು. ಯಂತ್ರ ನೆನಪಿಟ್ಟುಕೊಳ್ಳುತ್ತದೆ ಎಂದು ಮನಸ್ಸು ಕೈಬಿಟ್ಟಿತೆಂದು ಕಾಣುತ್ತದೆ. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ತಂದುಕೊಂಡು ಫೋಟೋ ತೆಗೆದವರ ನೆನಪಿಗೆ ಈ ಕುಂದು ಬರಲಿಲ್ಲ. ಇದನ್ನು ಮರೆಯಬಾರದು. ದೋಷ ಯಂತ್ರದಲ್ಲಿಲ್ಲ, ಗಮನದಲ್ಲಿದೆ.

ಗುರುಮಠದಲ್ಲಿ ನಾವು ಓದಿದ ಸಂತ ಅಗಸ್ಟೀನರ ವಿಚಾರವೊಂದು ಇಲ್ಲಿ ಸಹಾಯಕ್ಕೆ ಬರುತ್ತದೆ. ಕಾಲವನ್ನು ಕುರಿತು ಅವರು ತಮ್ಮ ಆತ್ಮಕಥೆಯ ಹನ್ನೊಂದನೆಯ ಭಾಗದಲ್ಲಿ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಹೋದದ್ದು ಈಗ ಇಲ್ಲ, ಬರಬೇಕಾದದ್ದು ಇನ್ನೂ ಇಲ್ಲ, ಈಗಿನದು ನಿಲ್ಲುವುದಿಲ್ಲ. ಹಾಗಾದರೆ ನಮ್ಮಲ್ಲಿ ಇರುವುದೇನು? ಹೋದದ್ದು ನೆನಪಾಗಿ, ಬರುವುದು ನಿರೀಕ್ಷೆಯಾಗಿ, ಈಗಿನದು ನೋಟವಾಗಿ ನಮ್ಮೊಳಗೆ ಇರುತ್ತದೆ ಎಂಬುದು ಅವರ ಉತ್ತರದ ಸಾರಾಂಶ. ಕಿಟಕಿಯ ಬಳಿ ನಿಂತವನಿಗೆ ಇದನ್ನು ಹೊಂದಿಸಿ ನೋಡಿ. ನೋಟ ಮುಗಿಯುವ ಮೊದಲೇ ಅದನ್ನು ನೆನಪಾಗಿ ಮಾಡಿಡಲು ಹೊರಟರೆ ನೆನಪಿಗೆ ಇಡಲು ಏನು ಉಳಿಯಿತು? ಊಟ ಮಾಡುವ ಮೊದಲೇ ಬುತ್ತಿ ಕಟ್ಟಿ ಮುಗಿಸಿದಂತೆ.

ಬುತ್ತಿ ಎಂದಾಗ ಮನ್ನಾದ ವಿಷಯ ನೆನಪಾಗುತ್ತದೆ. ಅರಣ್ಯದಲ್ಲಿ ಇಸ್ರಯೇಲರು ಪ್ರತಿದಿನ ಬೆಳಿಗ್ಗೆ ಅದನ್ನು ಕೂಡಿಸಿಕೊಳ್ಳುತ್ತಿದ್ದರು. ನಾಳೆಗೆಂದು ಬಚ್ಚಿಟ್ಟವರ ಮನ್ನಾ ಹುಳುಬಿದ್ದು ನಾರಿತು. ಈ ಭಾಗವನ್ನು ಎಲ್ಲರೂ ನೆನಪಿಟ್ಟಿರುತ್ತಾರೆ, ಪ್ರಬೋಧನೆಗಳಲ್ಲಿಯೂ ಕೇಳಿರುತ್ತೀರಿ. ಆದರೆ ಆರನೆಯ ದಿನ ಎರಡರಷ್ಟು ಕೂಡಿಸಬೇಕಾಗಿತ್ತು, ಆ ದಿನ ಇಟ್ಟದ್ದು ಕೆಡಲಿಲ್ಲ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಮರುದಿನ ಸಬ್ಬತ್, ಹೊರಗೆ ಹೋಗಿ ಕೂಡಿಸುವಂತಿರಲಿಲ್ಲ. ಅಂದರೆ ಕೂಡಿಡುವುದೆಲ್ಲ ದುರಾಶೆಯಲ್ಲ. ಎತ್ತಿಕೊಳ್ಳಲು ಆಗದ ಹೊತ್ತಿಗಾಗಿ ಇಟ್ಟದ್ದು ಬೇರೆ, ನಂಬಿಕೆ ಸಾಲದೆ ಇಟ್ಟದ್ದು ಬೇರೆ. ಮೊಬೈಲಿನಲ್ಲಿ ಮತ್ತೆ ತೆರೆದು ನೋಡದ ಸಾವಿರಾರು ಫೋಟೋಗಳಿರುವವರು, ಅವು ಯಾವ ದಿನದ ಮನ್ನಾ ಎಂದು ತಾವೇ ತೀರ್ಮಾನಿಸಲಿ.

ನಾನು ಆಗಾಗ ಭೇಟಿ ಕೊಡುವ ಒಂದು ಮನೆಯಿದೆ. ಹಳೆಯ ಗಣಿ ಲೈನಿನ ಮನೆ, ಚಿಕ್ಕ ಕಿಟಕಿ. ತಾತ ಗಣಿಯೊಳಗೆ ದುಡಿದವರು, ಈಗ ಉಸಿರಾಟದ ತೊಂದರೆಯಿಂದ ಮಂಚ ಬಿಟ್ಟು ಹೆಚ್ಚು ಏಳುವುದಿಲ್ಲ. ಮಗ ದಿನವೂ ಬೆಂಗಳೂರಿಗೆ ಹೋಗಿಬರುತ್ತಾನೆ. ಮೊಮ್ಮಗಳು ಕಾಲೇಜಿನಲ್ಲಿದ್ದಾಳೆ, ಬೆಳಿಗ್ಗೆ ಕಿಟಕಿಯಿಂದ ಸೂರ್ಯೋದಯದ ಫೋಟೋ ತೆಗೆಯುವ ಹವ್ಯಾಸ ಅವಳದು. ಅವಳ ತಾಯಿಯ ದೂರು ಏನೆಂದರೆ, ಸರಿಯಾಗಿ ನೀರು ಬರುವ ಹೊತ್ತಿಗೇ ಇವಳಿಗೆ ಸೂರ್ಯ ಹುಟ್ಟುತ್ತಾನೆ. “ಆ ಸೂರ್ಯ ನಾಳೇನೂ ಬರ್ತಾನೆ ಸ್ವಾಮಿ, ನೀರು ಬರುತ್ತಾ?” ಎಂದು ಆಕೆ ಕೇಳಿದಾಗ ನನ್ನ ತತ್ವಶಾಸ್ತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಈಗಲೂ ಇಲ್ಲ, ಬಿಂದಿಗೆಗಳು ಮೊದಲು ತುಂಬಲಿ ಎಂಬುದೇ ನನ್ನ ಅಭಿಪ್ರಾಯ.

ಆದರೆ ಆ ಹುಡುಗಿ ಫೋಟೋವನ್ನು ಯಾರಿಗೆ ಕಳುಹಿಸುತ್ತಾಳೆಂದು ತಿಳಿದ ಮೇಲೆ ನಾನು ಸ್ವಲ್ಪ ಅವಳ ಪಕ್ಷಕ್ಕೆ ವಾಲಿದೆ. ಅಪ್ಪನಿಗೆ ಕಳುಹಿಸುತ್ತಾಳೆ. ಬಂಗಾರಪೇಟೆ ದಾಟಿದ ಮೇಲೆ ಆ ಗಾಡಿ ಟೇಕಲ್, ಮಾಲೂರು ಎಂದು ಪಶ್ಚಿಮಕ್ಕೆ ಓಡುತ್ತದೆ, ಸೂರ್ಯ ಬೆನ್ನ ಹಿಂದೆ ಹುಟ್ಟುತ್ತಾನೆ. ಒಂಟಿಕಾಲಿನಲ್ಲಿ ನಿಂತು ಹೋಗುವವನಿಗೆ ತಿರುಗಿ ನೋಡಲು ಜಾಗವೆಲ್ಲಿ? ಅವನ ಪಾಲಿನ ಬೆಳಗು ಮಗಳ ಮೂಲಕ ಅವನ ಜೇಬಿಗೆ ಬರುತ್ತದೆ. ಇದು ಆರನೆಯ ದಿನದ ಮನ್ನಾ ಅಲ್ಲವೇ?

ಅದೇ ಫೋಟೋವನ್ನು ಅವಳು ಒಂದು ದಿನ ತಾತನಿಗೂ ತೋರಿಸಿದಳು. ಆಗ ನಾನೂ ಅಲ್ಲಿದ್ದೆ. ತಾತ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಗುಡ್ಡ ಎಲ್ಲಿ ಮಗಾ?” ಎಂದು ಕೇಳಿದರು. ಆ ಕಿಟಕಿಗೆ ಎದುರಾಗಿ ಒಂದು ಸೈನೈಡ್ ಗುಡ್ಡವಿದೆ. ಹುಡುಗಿ ಅದನ್ನೂ ವಿದ್ಯುತ್ ತಂತಿಯನ್ನೂ ಕತ್ತರಿಸಿ ಬರಿಯ ಆಕಾಶವನ್ನು ಇಟ್ಟಿದ್ದಳು. “ಅದು ಚೆನ್ನಾಗಿ ಕಾಣಲ್ಲ ತಾತ, ತೆಗೆದುಬಿಟ್ಟೆ” ಎಂದಳು.

ನಮ್ಮ ಊರಿನ ಹೊರಗಿನ ಓದುಗರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಗಣಿಯಿಂದ ಬಂದ ಬಿಳಿಗಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಬೂದು ಹುಡಿಯನ್ನು ದಶಕಗಳ ಕಾಲ ರಾಶಿ ಹಾಕಿದ್ದರಿಂದ ಈ ಗುಡ್ಡಗಳಾದವು. ಅವುಗಳಲ್ಲಿ ಇರುವುದು ಮೂರು ಕೋಟಿ ಟನ್ನಿಗೂ ಹೆಚ್ಚು. ಈ ಗಣಿಗಳಿಂದ ಸುಮಾರು 120 ವರ್ಷಗಳಲ್ಲಿ ಬಂದ ಚಿನ್ನ ಸುಮಾರು 800 ಟನ್. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಚಿನ್ನ ಎಲ್ಲಿಗೋ ಹೋಯಿತು, ಹುಡಿ ಇಲ್ಲೇ ಉಳಿಯಿತು. ಗಾಳಿ ಎದ್ದ ತಿಂಗಳುಗಳಲ್ಲಿ ಅದು ನಮ್ಮ ಅನ್ನದ ತಟ್ಟೆಗೂ ಬರುತ್ತದೆ. ಬಂಡೆಯ ಧೂಳು ಎಷ್ಟೋ ಕಾರ್ಮಿಕರ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಆಗಿ ಕೂತಿತು.

ತಾತ ಕೋಪಿಸಿಕೊಳ್ಳಲಿಲ್ಲ. “ಅದರಲ್ಲಿ ನಾನು ಒಡೆದ ಕಲ್ಲೂ ಇದೆ ಕಣಮ್ಮ” ಎಂದರು. ಮತ್ತೆ ನನ್ನ ಕಡೆ ತಿರುಗಿ, ಬೆಳಗಿನ ಪಾಳಿಯಿದ್ದರೆ ಚಳಿಗಾಲದಲ್ಲಿ ಕತ್ತಲಲ್ಲೇ ಕೇಜಿನಲ್ಲಿ ಇಳಿಯುತ್ತಿದ್ದೆವು, ರಾತ್ರಿ ಪಾಳಿ ಮುಗಿಸಿ ಮೇಲೆ ಬಂದಾಗ ಮಾತ್ರ ಹುಟ್ಟುವ ಸೂರ್ಯ ಸಿಗುತ್ತಿದ್ದ, ಕಣ್ಣು ಚುಚ್ಚುತ್ತಿತ್ತು ಎಂದು ಹೇಳಿದರು. “ಚೆಂದ ಅಂತ ನೋಡ್ತಿರಲಿಲ್ಲ ಸ್ವಾಮಿ. ಬಂದ್ವಲ್ಲಾ ಅಂತ ನೋಡ್ತಿದ್ವಿ.”

ಓದುಗರೇ, ಇಲ್ಲಿ ಆ ಹುಡುಗಿ ಸುಳ್ಳು ಹೇಳಿದಳೆನ್ನಲು ನಾನು ಸಿದ್ಧನಿಲ್ಲ. ಪ್ರತಿ ಚೌಕಟ್ಟೂ ಏನನ್ನಾದರೂ ಹೊರಗೆ ಬಿಡಲೇಬೇಕು. ನಿಯೆಪ್ಸನ ಕಿಟಕಿಯೂ ಬಿಟ್ಟಿತು. ಆಕಾಶವನ್ನು ಮಾತ್ರ ಇಟ್ಟುಕೊಳ್ಳುವ ಹಕ್ಕು ಅವಳಿಗಿದೆ. ಆದರೆ ಸೌಂದರ್ಯವೆಂದರೆ ಅಡ್ಡ ಬಂದದ್ದನ್ನೆಲ್ಲ ಒರೆಸಿಹಾಕಿ ಉಳಿಯುವುದು ಎಂಬ ಅಭ್ಯಾಸ ಒಮ್ಮೆ ಕಣ್ಣಿಗೆ ಹತ್ತಿದರೆ ಅದು ಫೋಟೋದಲ್ಲಿ ನಿಲ್ಲುವುದಿಲ್ಲ. ಮನೆಯಲ್ಲಿ ಅತಿಥಿಗಳು ಬಂದಾಗ ಕೆಮ್ಮುವ ಮುದುಕರನ್ನು ಒಳಕೋಣೆಗೆ ಕಳುಹಿಸುವುದೂ ಅದೇ ಕತ್ತರಿಯ ಕೆಲಸ. ಮದುವೆಯ ಫೋಟೋದಲ್ಲಿ ಬಡ ನೆಂಟರನ್ನು ಅಂಚಿಗೆ ನಿಲ್ಲಿಸುವುದೂ ಅದೇ. ಇನ್ನೊಂದು ಕಡೆ, ನಮ್ಮ ಗುಡ್ಡಗಳ ಮೇಲೆ ಮಂಜು ಕೂತು ಕೆಂಬೆಳಕು ಬಿದ್ದಾಗ ಅವು ನಿಜಕ್ಕೂ ಸುಂದರವಾಗಿ ಕಾಣುತ್ತವೆ ಎಂಬುದನ್ನೂ ಒಪ್ಪಬೇಕು. ಹೊರಗಿನಿಂದ ಕ್ಯಾಮೆರಾ ತಂದು ಆ ಸೊಬಗನ್ನು ಮಾತ್ರ ತೆಗೆದುಕೊಂಡು ಹೋಗುವವರ ಬಗ್ಗೆ ನನಗೆ ಸ್ವಲ್ಪ ಕಸಿವಿಸಿ ಇದೆ. ಗುಡ್ಡವನ್ನು ಅಳಿಸುವುದು ಒಂದು ಬಗೆಯಾದರೆ, ಗುಡ್ಡವನ್ನು ಇಟ್ಟುಕೊಂಡು ಅದರ ಬೆಲೆ ತೆತ್ತವರನ್ನು ಅಳಿಸುವುದು ಇನ್ನೊಂದು ಬಗೆ. ಎರಡನೆಯದೇ ಹೆಚ್ಚು ನಯವಾದ ಕತ್ತರಿ.

ಈಗ ಈ ಗುಡ್ಡಗಳೇ ಹೋಗುವ ಮಾತು ಬಂದಿದೆ. ಅವುಗಳಲ್ಲಿ ಉಳಿದಿರುವ ಅಲ್ಪಸ್ವಲ್ಪ ಚಿನ್ನವನ್ನು ತೆಗೆಯಲು ಹದಿಮೂರು ಗುಡ್ಡಗಳನ್ನು ಮತ್ತೆ ಅಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗುಡ್ಡ ಹೋದರೆ ಆ ಕಿಟಕಿಗೆ ಸೂರ್ಯ ಈಗಿನದಕ್ಕಿಂತ ಹತ್ತು ಹದಿನೈದು ನಿಮಿಷ ಮೊದಲೇ ಬರುತ್ತಾನೆ, ಪಂಚಾಂಗದಲ್ಲಿ ಬರೆದ ಹೊತ್ತಿಗೆ ಸರಿಯಾಗಿ. ನೀರು ಬರುವ ಮುಂಚೆಯೇ ಫೋಟೋ ಮುಗಿಯುತ್ತದೆಂದು ತಾಯಿಗೆ ಸಂತೋಷ. ತಾತ ಏನೂ ಹೇಳಲಿಲ್ಲ. ಹುಡುಗಿ ಈಗ ಗುಡ್ಡವನ್ನೂ ಸೇರಿಸಿಯೇ ತೆಗೆಯುತ್ತಾಳೆ, ಪ್ರತಿ ಫೋಟೋದ ಕೆಳಗೆ ತಾರೀಕು ಹಾಕುತ್ತಾಳೆ. ತಂತಿಯನ್ನು ಮಾತ್ರ ಈಗಲೂ ಕತ್ತರಿಸುತ್ತಾಳೆ. ಅದಕ್ಕೆ ತಾತನ ಆಕ್ಷೇಪವಿಲ್ಲ.