ಹಿಮದ ನೆನಪು, ತಂದೆಯ ಋಣ

ಅಗಲಿದ ತಂದೆಯನ್ನು ನೆನೆದು ಮಗನು ಕಣ್ಣೀರಿಡುವುದು ಮೋಹವೇ, ಕೃತಜ್ಞತೆಯೇ? ಶ್ರಾವಕರ ಮನೆಗಳಲ್ಲಿ ಎಂದಾದರೊಮ್ಮೆ ಏಳುವ ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಪ್ರಿಯರ ವಿಯೋಗದಿಂದ ಹುಟ್ಟುವ ಎಡೆಬಿಡದ ಚಿಂತೆಯನ್ನು ತತ್ತ್ವಾರ್ಥಸೂತ್ರವು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದಾಗಿ ಎಣಿಸುತ್ತದೆ. ಹಾಗೆಂದು ತಂದೆಯನ್ನು ಮರೆಯುವುದು ಧರ್ಮವಾದೀತೇ?

ಜಯನಗರ, ಬನಶಂಕರಿಗಳ ಕೆಲವು ಕುಟುಂಬಗಳಿಗೆ ಬಾಲ್ಯದ ನೆನಪೆಂದರೆ ಬೇಸಿಗೆ ರಜೆಯ ಉತ್ತರದ ಪ್ರವಾಸ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ದೆಹಲಿ. ಅಲ್ಲಿಂದ ಬಸ್ಸಿನಲ್ಲಿ ಮನಾಲಿ. ಮುಂದೆ ಸುಮಾರು 3,978 ಮೀಟರ್ ಎತ್ತರದ ರೋಹ್ತಾಂಗ್. ಇಬ್ಬನಿಯನ್ನಷ್ಟೇ ಕಂಡಿದ್ದ ಮಕ್ಕಳಿಗೆ ಅದು ಬೇರೊಂದು ಲೋಕ. ಅಂಥ ಕಡೆ ಹಿಡಿ ಹಿಮವನ್ನು ಬಾಯಿಗಿಡಹೋದ ಮಗುವಿನ ಕೈ ಹಿಡಿದು, “ಬೇಡಪ್ಪಾ, ಇದರಲ್ಲಿಯೂ ಜೀವವಿದೆ” ಎಂದು ಹೇಳಿ, ಸೋಸಿದ ನೀರಿನ ಪಾತ್ರೆಯನ್ನು ಮುಂದಿಡುವ ತಂದೆಯನ್ನು ಕಲ್ಪಿಸಿಕೊಳ್ಳಬಹುದು.

ಆ ಮಾತು ಬರಿಯ ನಿಷೇಧವಲ್ಲ. ಇಬ್ಬನಿ, ಹಿಮ, ಆಲಿಕಲ್ಲುಗಳು ಅಪ್ಕಾಯಿಕ ಏಕೇಂದ್ರಿಯ ಜೀವಗಳೆಂದು ಆಗಮವು ಹೇಳುತ್ತದೆ. ಹಾಗಾದರೆ ಹಿಮದ ಮೇಲೆ ನಡೆಯುವುದೂ ಹಿಂಸೆಯಲ್ಲವೇ ಎಂದು ಕೇಳಬಹುದು. ಹೌದು. ಸ್ಥಾವರ ಹಿಂಸೆಯನ್ನು ಪೂರ್ತಿಯಾಗಿ ಬಿಡುವುದು ಗೃಹಸ್ಥನಿಗೆ ಸಾಧ್ಯವಿಲ್ಲ. ಆದರೆ ಪ್ರಯೋಜನವಿಲ್ಲದೆ ನೀರು ಚೆಲ್ಲುವುದನ್ನೂ ಅನರ್ಥದಂಡವೆಂದು ಬಗೆದು ಬಿಡಬೇಕಾದವನು ಅವನು. ಅಗತ್ಯಕ್ಕೂ ಚಪಲಕ್ಕೂ ನಡುವಿನ ಗೆರೆಯನ್ನು ಆ ತಂದೆ ಒಂದೇ ಮಾತಿನಲ್ಲಿ ತೋರಿಸಿಕೊಟ್ಟರು.

ಹಿಮಗಿರಿಯೊಂದಿಗೆ ಬೆಸೆದ ಪಿತೃವಿಯೋಗವೊಂದು ಪುರಾಣದಲ್ಲಿಯೂ ಇದೆ. ಆದಿತೀರ್ಥಂಕರ ವೃಷಭನಾಥರು ಕೈಲಾಸದಲ್ಲಿ ನಿರ್ವಾಣ ಹೊಂದಿದಾಗ ಷಟ್ಖಂಡಗಳನ್ನು ಗೆದ್ದ ಭರತನೂ ಶೋಕಿಸಿದನು. ಅವನನ್ನು ಸಂತೈಸಿದವರು ವೃಷಭಸೇನ ಗಣಧರರು. ಅವರೂ ಅದೇ ತಂದೆಯ ಮಕ್ಕಳು. ಭರತನ ಶೋಕವನ್ನು ಪುರಾಣ ಮುಚ್ಚಿಡಲಿಲ್ಲ, ಆದರೆ ಅವನನ್ನು ಅಲ್ಲಿಯೇ ನಿಲ್ಲಿಸಲೂ ಇಲ್ಲ. ಮುಂದೊಂದು ದಿನ ಕನ್ನಡಿಯಲ್ಲಿ ತನ್ನ ನರೆಗೂದಲನ್ನು ಕಂಡು ವಿರಕ್ತನಾದ ಭರತನು ತಂದೆ ನಡೆದ ದಾರಿಯನ್ನೇ ಹಿಡಿದನು.

ಆ ದಾರಿ ಪುರಾಣಕ್ಕೇ ಮುಗಿದುದಲ್ಲ. ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ 1925ರಲ್ಲಿ ಜನಿಸಿ, 1963ರಲ್ಲಿ ಮುನಿದೀಕ್ಷೆ ಪಡೆದ ವಿದ್ಯಾನಂದರು 1970ರಲ್ಲಿ ಹಿಮಾಲಯದಲ್ಲಿ ವಿಹಾರ ಕೈಗೊಂಡರು. ಪ್ರವಾಸಿಗರು ಉಣ್ಣೆಯ ಮೇಲೆ ಉಣ್ಣೆ ಹೊದೆಯುವ ಚಳಿಯ ನಾಡಿನಲ್ಲಿ ಆ ದಿಗಂಬರ ಮುನಿ ಬರಿಗಾಲಿನಲ್ಲಿ ನಡೆದರು.

ಇದರಿಂದ ನೆನಪಿಗೆ ಎರಡು ಮುಖಗಳಿರುವುದು ತಿಳಿಯುತ್ತದೆ. ‘ನಾನು ಏನನ್ನು ಕಳೆದುಕೊಂಡೆ’ ಎಂಬುದು ಒಂದು. ‘ಅವರು ಏನನ್ನು ಕೊಟ್ಟರು’ ಎಂಬುದು ಇನ್ನೊಂದು. ಮೊದಲನೆಯದು ಕಣ್ಣೀರಿನಿಂದ ಕಣ್ಣೀರಿಗೆ ಸಾಗುತ್ತದೆ. ಎರಡನೆಯದು ಆಚರಣೆಯಲ್ಲಿ ನೆಲೆಗೊಳ್ಳುತ್ತದೆ. ಎರಡೂ ಒಂದೇ ಮನಸ್ಸಿನಲ್ಲಿ ಹುಟ್ಟುವುದರಿಂದ ಮೊದಲನೆಯದಕ್ಕಾಗಿ ಯಾರನ್ನೂ ಹಳಿಯಬೇಕಾಗಿಲ್ಲ. ಅದು ಎರಡನೆಯದಕ್ಕೆ ತಿರುಗುವಂತೆ ನೋಡಿಕೊಂಡರೆ ಸಾಕು.

ತಂದೆಯ ಸ್ಮರಣಾರ್ಥ ಬಸದಿಗೆ ದಾನ ನೀಡುವುದು, ಶಿಲಾಫಲಕದಲ್ಲಿ ಹೆಸರು ಕೊರೆಸುವುದು ನಮ್ಮಲ್ಲಿ ರೂಢಿ. ದಾನವು ಸ್ತುತ್ಯವೇ. ಆದರೆ ಫಲಕವು ತಂದೆಯ ಹೆಸರನ್ನು ಮಾತ್ರ ಉಳಿಸಬಲ್ಲದು, ಅವರ ಶೀಲವನ್ನಲ್ಲ. ಹಿಮವನ್ನೇ ಕಾಣದ ಮೊಮ್ಮಗಳೊಬ್ಬಳು ಬನಶಂಕರಿಯ ಮನೆಯಲ್ಲಿ ಸುಮ್ಮನೆ ಹರಿಯುತ್ತಿರುವ ನಲ್ಲಿಯನ್ನು ನಿಲ್ಲಿಸಿದರೆ, ಅಜ್ಜನ ಋಣದಲ್ಲಿ ಒಂದು ಪಾಲು ಅಲ್ಲಿಯೇ ಸಂದಿತು.