ರಾಜಿಯಾದರೆ ನ್ಯಾಯವಾದಂತೆಯೇ?

ಬಾಂದ್ರಾದ ಬಾಡಿಗೆ ಮನೆಯಲ್ಲಿ ರಾತ್ರಿ ಊಟ ಮುಗಿಸಿ ಪರ್ಯಾಯ ವ್ಯಾಜ್ಯ ಪರಿಹಾರದ ಆನ್‌ಲೈನ್ ಪಾಠ ಕೇಳುತ್ತಿದ್ದೇನೆ. ಜಗಳ ಬಗೆಹರಿಸುವುದು ನನ್ನಂಥ ಪ್ರಾಜೆಕ್ಟ್ ಮ್ಯಾನೇಜರನಿಗೆ ಹೊಸದೇನಲ್ಲ. ಕ್ಲೈಂಟಿಗೂ ತಂಡಕ್ಕೂ ನಡುವೆ ದಿನವೂ ಅದೇ ಕೆಲಸ. ಆದರೂ ಒಂದು ಪ್ರಶ್ನೆ ಬಿಡುತ್ತಿಲ್ಲ: ರಾಜಿಯಾದರೆ ನ್ಯಾಯವಾದಂತೆಯೇ?

ಮುಂಬಯಿಯ ಕೌಟುಂಬಿಕ ನ್ಯಾಯಾಲಯ ಇಲ್ಲೇ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿದೆ. 1984ರ ಕಾಯ್ದೆಯಂತೆ ಅಲ್ಲಿ ಸಾಧ್ಯವಿದ್ದಲ್ಲೆಲ್ಲ ಮೊದಲು ರಾಜಿಗೆ ಪ್ರಯತ್ನಿಸಬೇಕು. ಒಳ್ಳೆಯ ಮಾತೇ. ಆದರೆ ಸ್ವಂತ ಸಂಪಾದನೆಯಿಲ್ಲದ ಹೆಂಡತಿ, ಮನೆ ತನ್ನ ಹೆಸರಿನಲ್ಲೇ ಇರುವ ಗಂಡ ಎದುರುಬದುರು ಕೂತರೆ, ವರ್ಷಗಟ್ಟಲೆ ಕಾಯುವ ಶಕ್ತಿ ಇಬ್ಬರಿಗೂ ಸಮನಾಗಿರುವುದಿಲ್ಲ. ನಮ್ಮೂರಿನ ಪಂಚಾಯ್ತಿ ಕಟ್ಟೆಯಲ್ಲೂ ‘ಹೊಂದಿಕೊಂಡು ಹೋಗು’ ಎಂಬ ಬುದ್ಧಿಮಾತು ಕೈಲಾಗದವರಿಗೇ ಸಿಗುತ್ತಿತ್ತು.

ಮಧ್ಯಸ್ಥ ಯಾವ ಒಪ್ಪಂದವನ್ನೂ ಹೇರುವಂತಿಲ್ಲ, ಹಾಗೆಂದು ಇಬ್ಬರಿಗೂ ಸ್ಪಷ್ಟವಾಗಿ ತಿಳಿಸಬೇಕು ಎನ್ನುತ್ತದೆ 2023ರ ಮಧ್ಯಸ್ಥಿಕೆ ಕಾಯ್ದೆ. ‘ಒಲ್ಲೆ’ ಎಂದು ಎದ್ದುಹೋಗಬಲ್ಲವರು ‘ಹೂಂ’ ಎಂದರೆ ಅದಕ್ಕೆ ಬೆಲೆ. ಬೇರೆ ದಾರಿಯೇ ಕಾಣದವರು ಹಾಕುವ ಸಹಿಯನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳು, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಮಾತುಕತೆಗೆ ಮೊದಲೇ ಆಕೆಗೆ ಇದನ್ನು ತಿಳಿಸಿದರೆ ಮಧ್ಯಸ್ಥ ಪಕ್ಷ ವಹಿಸಿದಂತಾಗುವುದಿಲ್ಲ. ಆಮೇಲೆ ಆಕೆ ಹೇಳುವ ಮಾತು ಆಕೆಯದೇ ಆಗಿರುತ್ತದೆ.